ಹಾಲಿ: ಮುಳ್ಳಿನ ಹಸುರು

ಕ್ರಿಸ್‌ಮಸ್ ಶುಭಾಶಯ ಪತ್ರಗಳ ಅಂಚಿನಲ್ಲಿ ಮುಳ್ಳೆಲೆಗಳ ನಡುವೆ ಕೆಂಪು ಹಣ್ಣುಗಳನ್ನು ತಾವು ಕಂಡಿರಬಹುದು. ಅದು ಹಾಲಿ. ನಮ್ಮ ಕಚೇರಿಗನ್ನಡದ ‘ಹಾಲಿ’ಗೂ ಇದಕ್ಕೂ ನಂಟಿಲ್ಲವೆಂದು ಹಿಂದೆ ವಿದ್ಯಾರ್ಥಿಗಳಿಗೆ ಹೇಳಿ ನಗಿಸಿದ್ದುಂಟು. ಚಳಿಗಾಲದಲ್ಲಿಯೂ ಎಲೆಯುದುರದ ಈ ಮರ ಮನೆಯ ಬಳಿಯಿದ್ದರೆ ಮಾಟ ತಟ್ಟದೆಂಬ ನಂಬಿಕೆಯನ್ನು ಒಂದನೆಯ ಶತಮಾನದ ರೋಮನ್ ಲೇಖಕ ಪ್ಲಿನಿ ದಾಖಲಿಸಿದ್ದಾನೆ. ಮುಂದೆ ಕ್ರೈಸ್ತರು ಅದರ ಮುಳ್ಳಿನಲ್ಲಿ ಯೇಸುವಿನ ಮುಳ್ಳುಕಿರೀಟವನ್ನೂ ಹಣ್ಣಿನಲ್ಲಿ ಅವನ ರಕ್ತವನ್ನೂ ಕಂಡರು.

ನನ್ನನ್ನು ಹೆಚ್ಚು ಹಿಡಿದಿರುವುದು 1647ರ ಸಂಗತಿ. ಆ ವರ್ಷ ಇಂಗ್ಲೆಂಡಿನ ಪಾರ್ಲಿಮೆಂಟು ಕ್ರಿಸ್‌ಮಸ್ ಹಬ್ಬವನ್ನೇ ರದ್ದುಪಡಿಸಿತು. ಆದರೂ ಹಬ್ಬದ ದಿನ ಲಂಡನ್ನಿನ ಕಾರ್ನ್‌ಹಿಲ್ ಬೀದಿಯ ನೀರಿನ ಕಟ್ಟೆಯ ಮೇಲೆ ಜನ ಹಾಲಿ, ಐವಿಗಳ ಕೊಂಬೆಗಳನ್ನು ಏರಿಸಿದರು. ಅವನ್ನು ತೆಗೆಸಲು ಸ್ವತಃ ಮೇಯರನೇ ಬರಬೇಕಾಯಿತು, ಬೀದಿಯಲ್ಲಿ ಗಲಭೆಯೆದ್ದಿತು. ಒಂದು ಹಿಡಿ ಸೊಪ್ಪಿಗಾಗಿ! 1660ರಲ್ಲಿ ಅರಸೊತ್ತಿಗೆ ಮರಳಿತು. ಅದರೊಡನೆ ಹಬ್ಬವೂ ಬಾಗಿಲ ಹಸುರೂ ಮರಳಿದವು.