ಮುಳ್ಳಿನ ತುದಿಯ ಚಪ್ಪರ

ನಮ್ಮ ತ್ಯಾಗಲಿಯ ಕಡೆ ಮಗು ಮಾತು ಕಲಿಯುವುದು ತಡವಾದರೆ ಮೊದಲು ವಿಚಾರಣೆಗೆ ನಿಲ್ಲುವವಳು ತಾಯಿ. ನನ್ನ ನಾದಿನಿಯ ಮಗನಿಗೆ ಮೂರು ತುಂಬಿದರೂ ಮಾತು ಬಂದಿರಲಿಲ್ಲ. ಆಗಾಗ ಫಿಟ್ಸ್ ಬೇರೆ. "ಬಸುರಿದ್ದಾಗ ಗ್ರಹಣ ನೋಡಿದ್ಯನೇ?" ಎಂದು ಅವಳನ್ನು ಕೇಳದ ನೆಂಟರಿಲ್ಲ. ಕೊನೆಗೆ ಬೆಂಗಳೂರಿನಲ್ಲಿ ರಕ್ತಪರೀಕ್ಷೆ ಮಾಡಿಸಿದಾಗ ವೈದ್ಯರು ಒಂದು ಜೀನಿನ ಹೆಸರು ಬರೆದುಕೊಟ್ಟರು: ಸಿನ್‌ಗ್ಯಾಪ್-1. ಆ ಹೆಸರಿನ ಹಿಂದೆ ನೂರು ವರ್ಷ ಮೀರಿದ ಚರಿತ್ರೆಯಿದೆ.

1873ರಲ್ಲಿ ಇಟಲಿಯ ಕಮಿಲ್ಲೊ ಗಾಲ್ಜಿ ಮಿದುಳಿನ ತುಣುಕನ್ನು ಬೆಳ್ಳಿಯ ಲವಣದಲ್ಲಿ ನೆನೆಸಿ, ಅಲ್ಲೊಂದು ಇಲ್ಲೊಂದು ನರಕೋಶ ಮಾತ್ರ ಕಪ್ಪಾಗಿ ಎದ್ದು ಕಾಣುವ ಉಪಾಯ ಕಂಡುಹಿಡಿದ. 1888ರಲ್ಲಿ ಸ್ಪೇನಿನ ಸಾಂತಿಯಾಗೊ ರಮೋನ್ ಇ ಕಹಾಲ್ ಕೋಳಿಯ ಮಿದುಳನ್ನು ಹಾಗೆಯೇ ನೋಡುತ್ತಿದ್ದಾಗ, ಕೋಶದ ಕವಲುಗಳ ಮೇಲೆ ಗುಲಾಬಿ ಗಿಡದಲ್ಲಿರುವಂಥ ಸಣ್ಣ ಮುಳ್ಳುಗಳು ಕಂಡವು. ಅದು ಬಣ್ಣದ ಕೊಳೆ ಎಂದವರೇ ಹೆಚ್ಚು. ಆತ 1896ರಲ್ಲಿ ಬೇರೆಯೇ ಬಣ್ಣ ಹಾಕಿ ಅವನ್ನು ಮತ್ತೆ ತೋರಿಸಿದ. 1906ರಲ್ಲಿ ಇಬ್ಬರಿಗೂ ಸೇರಿ ನೊಬೆಲ್ ಬಂತು. ಒಂದು ಕೋಶ ಇನ್ನೊಂದಕ್ಕೆ ಸುದ್ದಿ ದಾಟಿಸುವ ಜಾಗ, ಅಂದರೆ ಸಿನಾಪ್ಸ್, ಈ ಮುಳ್ಳುಗಳ ಮೇಲಿದೆ ಎಂದು 1959ರಲ್ಲಿ ಇ. ಜಿ. ಗ್ರೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಿಂದ ತೋರಿಸಿದ.

ಮುಳ್ಳೆಂದರೆ ಎಷ್ಟು ದೊಡ್ಡದು? ಒಂದು ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ ಒಂದೋ ಎರಡೋ ಪಾಲು. ಅಷ್ಟರೊಳಗೂ ಒಂದು ಚಪ್ಪರವಿದೆ! 1992ರಲ್ಲಿ ಅಮೆರಿಕದ ಮೇರಿ ಕೆನಡಿಯವರ ಪ್ರಯೋಗಾಲಯ ಅದರ ಮುಖ್ಯ ಕಂಬವೊಂದನ್ನು ಗುರುತಿಸಿತು. ಪಿಎಸ್‌ಡಿ-95 ಎಂಬ ಪ್ರೋಟೀನು ಅದು. ಸುದ್ದಿಯನ್ನು ಹಿಡಿದುಕೊಳ್ಳುವ ಗ್ರಾಹಕಗಳನ್ನು ಅದು ಮುಳ್ಳಿನ ತುದಿಯಲ್ಲಿ ಕಟ್ಟಿ ನಿಲ್ಲಿಸುತ್ತದೆ. ಅದರ ಕೆಳಗೆ ಶ್ಯಾಂಕ್, ಹೋಮರ್ ಎಂಬ ಪ್ರೋಟೀನುಗಳು ಅಡ್ಡದಬ್ಬೆಗಳಂತೆ ಹೆಣೆದುಕೊಂಡು, ಮುಳ್ಳಿಗೆ ಆಕಾರ ಕೊಡುವ ಆಕ್ಟಿನ್ ಎಳೆಗಳಿಗೆ ಬಿಗಿದುಕೊಳ್ಳುತ್ತವೆ. ನಾವು ಮದುವೆಗೆ ಹಾಕಿದ ಚಪ್ಪರವನ್ನು ಮರುದಿನ ಬಿಚ್ಚುತ್ತೇವೆ. ಇದನ್ನು ಬಿಚ್ಚುವುದಿಲ್ಲ, ಆದರೆ ಕಂಬ, ದಬ್ಬೆ, ಹಗ್ಗ ಎಲ್ಲ ಸದಾ ಬದಲಾಗುತ್ತಲೇ ಇರುತ್ತವೆ. ಹೊಸದೇನನ್ನಾದರೂ ಕಲಿತಾಗ ಕೆಲವು ಮುಳ್ಳುಗಳ ತಲೆ ದಪ್ಪವಾಗುತ್ತದೆ, ಅಲ್ಲಿ ಗ್ರಾಹಕಗಳು ಹೆಚ್ಚುತ್ತವೆ.

ಪಿಎಸ್‌ಡಿ-95ಕ್ಕೆ ಅಂಟಿಕೊಂಡಿರುವ ಸಿನ್‌ಗ್ಯಾಪ್ ಪತ್ತೆಯಾದದ್ದು 1998ರಲ್ಲಿ. ಅದರದು ಲಗಾಮಿನ ಕೆಲಸ. ಮುಳ್ಳು ಅವಸರದಲ್ಲಿ ಬೆಳೆಯದಂತೆ ತಡೆಯುವುದು. ಈ ಜೀನಿನ ಒಂದು ಪ್ರತಿ ಕೆಟ್ಟ ಇಲಿಮರಿಗಳಲ್ಲಿ ಮುಳ್ಳುಗಳು ಹೊತ್ತಿಗೆ ಮುಂಚೆಯೇ ಬಲಿಯುತ್ತವೆ ಎಂದು 2012ರಲ್ಲಿ ಜೇಮ್ಸ್ ಕ್ಲೆಮೆಂಟ್ ಮತ್ತು ಸಂಗಡಿಗರು ತೋರಿಸಿದರು. ಹಸಿ ಮಡಕೆಯನ್ನು ತಿದ್ದಿ ಮುಗಿಸುವ ಮೊದಲೇ ಸುಟ್ಟಂತೆ. ಆಮೇಲೆ ತಿದ್ದುವುದು ಕಷ್ಟ. ಕ್ಲೆಮೆಂಟ್ ಮುಂದೆ ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೆ ಬಂದು ಇದೇ ಕೆಲಸ ಮುಂದುವರಿಸಿದರು.

ನಾದಿನಿಗೆ ನಾನು ಎರಡೆರಡು ಸಲ ಓದಿ ಹೇಳಿದ ಸಂಗತಿ ಇನ್ನೊಂದಿದೆ. ಬುದ್ಧಿ ಬೆಳವಣಿಗೆ ಕುಂಠಿತವಾದ ಕೆಲವು ಮಕ್ಕಳಲ್ಲಿ ಈ ಜೀನಿನ ದೋಷವನ್ನು 2009ರಲ್ಲಿ ಕೆನಡಾದ ಸಂಶೋಧಕರು ಕಂಡರು. ಅವರ ತಂದೆಯಲ್ಲೂ ಇಲ್ಲ, ತಾಯಿಯಲ್ಲೂ ಇಲ್ಲ. ಹೊಸದಾಗಿ ಹುಟ್ಟಿಕೊಂಡ ಅಕ್ಷರದೋಷ ಅದು. ಗ್ರಹಣಕ್ಕೂ ಅದಕ್ಕೂ ಸಂಬಂಧವಿಲ್ಲ.

ತಾಯಿಯ ಮೇಲೆ ದೋಷ ಹೊರಿಸುವುದು ಹಳ್ಳಿಯವರ ಗುತ್ತಿಗೆಯೇನಲ್ಲ. ಆಟಿಸಂಗೆ ತಾಯಿಯ ತಣ್ಣನೆಯ ಮನಸ್ಸೇ ಕಾರಣವೆಂಬ ಮಾತಿಗೆ ಬ್ರೂನೊ ಬೆಟಲ್‌ಹೈಮ್ 1967ರಲ್ಲಿ ದೊಡ್ಡ ಪುಸ್ತಕವನ್ನೇ ಬರೆದ. ಎಷ್ಟು ತಾಯಂದಿರು ಅದನ್ನು ನಂಬಿ ಕೊರಗಿದರೋ!

ಹೆಸರು ಗೊತ್ತಾದ ಮಾತ್ರಕ್ಕೆ ರೋಗ ಹೋಗುವುದಿಲ್ಲ. ಫಿಟ್ಸ್‌ಗೆ ಮಾತ್ರೆ, ಮಾತಿಗೆ ತರಬೇತಿ ನಡೆದೇ ಇವೆ. ಹುಡುಗ ಈಗ ಬೇಕಾದ್ದನ್ನು ಚಿತ್ರ ಮುಟ್ಟಿ ಕೇಳುತ್ತಾನೆ. ನಿಮ್ಮ ಕೇರಿಯಲ್ಲೂ ಇಂಥ ಮಗುವಿದ್ದರೆ ತಾಯಿಯ ವಿಚಾರಣೆ ಸಾಕು, ವೈದ್ಯರಲ್ಲಿಗೆ ಜೊತೆಗೆ ಹೋಗಿ ಬನ್ನಿ.