ಸುಸ್ತಿಯ ದಾಖಲೆಗೆ ಕೊನೆಯ ದಿನ ಬೇಡವೇ? ವೈಯಕ್ತಿಕ ಸಾಲಚರಿತ್ರೆಯ ದುರಸ್ತಿ ಕುರಿತು

ಸಾಲಗಾರರ ಮಾಹಿತಿಯನ್ನು ಬ್ಯಾಂಕುಗಳು ಹಂಚಿಕೊಂಡರೆ ಯಾರಿಗೆ ಸಾಲ ಕೊಡಬಹುದೆಂಬ ಅಂದಾಜು ಚೊಕ್ಕವಾಗುತ್ತದೆ ಎಂದು ಅರ್ಥಶಾಸ್ತ್ರಜ್ಞರಾದ ಪಗಾನೊ ಮತ್ತು ಜಪೆಲಿ 1993ರಲ್ಲೇ ವಾದಿಸಿದ್ದಾರೆ. ಅದರಲ್ಲಿ ತಕರಾರಿಲ್ಲ. ದಾಖಲೆಯಲ್ಲಿ ತಪ್ಪು ನುಸುಳಿದ್ದರೆ ತಿದ್ದಿಸುವ ಹಾದಿಯೂ ನಮ್ಮಲ್ಲಿ ತಕ್ಕಮಟ್ಟಿಗೆ ಸ್ಪಷ್ಟವಾಗಿದೆ. ಸಾಲ ಮಾಹಿತಿ ಕಂಪನಿಗಳ 2005ರ ಕಾಯ್ದೆಯ 21ನೇ ಕಲಂ ತಿದ್ದುಪಡಿ ಕೋರುವ ಹಕ್ಕು ಕೊಡುತ್ತದೆ; ದೂರು 30 ದಿನಗಳಲ್ಲಿ ಇತ್ಯರ್ಥವಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಸಲ್ಲಬೇಕೆಂಬ ರಿಸರ್ವ್ ಬ್ಯಾಂಕಿನ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ.

ತೊಡಕಿರುವುದು ನಿಜವಾಗಿಯೂ ನಡೆದ ಸುಸ್ತಿಯಲ್ಲಿ. ಬಾಕಿ ತೀರಿದ ಮೇಲೆ ಅದರ ಗುರುತು ಎಷ್ಟು ವರ್ಷ ಉಳಿಯಬೇಕು? ಡೇವಿಡ್ ಮಸ್ಟೊ 2004ರ ಅಧ್ಯಯನದಲ್ಲಿ ಕೊಟ್ಟ ಉತ್ತರ ಕಟುವಾದದ್ದು. ಅಮೆರಿಕದಲ್ಲಿ ದಿವಾಳಿಯ ನಮೂದು 10 ವರ್ಷಕ್ಕೆ ಅಳಿಸಿಹೋಗುತ್ತದೆ. ಅಳಿಸಿದೊಡನೆ ಸಾಲದ ಅರ್ಹತೆ ಅಳೆಯುವ ಸ್ಕೋರು ಏರುತ್ತದೆ, ಹೊಸ ಸಾಲ ಸಿಗುತ್ತದೆ, ಮುಂದೆ ಮತ್ತೆ ಸುಸ್ತಿ ಹೆಚ್ಚುತ್ತದೆ. ಆದ್ದರಿಂದ ಮರೆವು ಸಾಲ ಕೊಡುವವರನ್ನು ದಾರಿತಪ್ಪಿಸುತ್ತದೆ ಎಂಬುದು ಅವರ ತೀರ್ಮಾನ.

ಈ ತೀರ್ಮಾನವನ್ನು ನಮ್ಮ ಪರಿಸ್ಥಿತಿಗೆ ಅನ್ವಯಿಸಲಾಗದು ಎಂಬುದು ನನ್ನ ವಾದ. ಮಸ್ಟೊ ಪರಿಶೀಲಿಸಿದ್ದು ನ್ಯಾಯಾಲಯದ ಮೂಲಕ ದಿವಾಳಿಯಾದವರನ್ನು. ನಮ್ಮ ಸಾಲ ಮಾಹಿತಿ ಕಂಪನಿಯಾದ ಸಿಬಿಲ್‌ನ ವರದಿಗಳಲ್ಲಿ ಕಾಣುವುದು ಬಹುಮಟ್ಟಿಗೆ ಕಾರ್ಡಿನ ಬಾಕಿ, ತಪ್ಪಿದ ಕಂತು, ಬ್ಯಾಂಕೇ ಒಪ್ಪಿ ಒಂದಿಷ್ಟು ಬಿಟ್ಟುಕೊಟ್ಟು ಮುಗಿಸಿದ ‘ಸೆಟಲ್ಡ್’ ಖಾತೆ. ಅದಕ್ಕಿಂತ ಮುಖ್ಯವಾದದ್ದು ಅವಧಿಯ ಪ್ರಶ್ನೆ. ಸಾಲ ವರದಿಗಳನ್ನು ಕುರಿತ ಅಮೆರಿಕದ 1970ರ ಕಾಯ್ದೆಯಲ್ಲಿ ಸಾಮಾನ್ಯ ಸುಸ್ತಿಗೆ 7 ವರ್ಷವೇ ಗರಿಷ್ಠ. ಸಾಲ ಮಾಹಿತಿ ಕಂಪನಿಗಳಿಗೆ ಅನ್ವಯಿಸುವ ನಮ್ಮ 2006ರ ನಿಬಂಧನೆಗಳಲ್ಲಿ 7 ವರ್ಷ ಕನಿಷ್ಠ. ಅಲ್ಲಿ ಮರೆಯಲೇಬೇಕಾದ ದಿನ ಬರುತ್ತದೆ. ಇಲ್ಲಿ ಮಾಹಿತಿಯನ್ನು ಇಷ್ಟು ಕಾಲವಾದರೂ ಉಳಿಸಿಕೊಳ್ಳಲೇಬೇಕೆಂಬ ಕಟ್ಟಳೆಯಿದೆ, ಅಳಿಸಬೇಕಾದ ದಿನವನ್ನು ಅದು ಗೊತ್ತುಮಾಡುವುದಿಲ್ಲ. ರಿಸರ್ವ್ ಬ್ಯಾಂಕಿನ 2023ರ ಚೌಕಟ್ಟಾದರೋ, ರಾಜಿ ತೀರುವಳಿ ಮಾಡಿಕೊಂಡವರಿಗೆ ಕೃಷಿಯೇತರ ಸಾಲವನ್ನು ಕನಿಷ್ಠ 12 ತಿಂಗಳ ಬಳಿಕ ಮತ್ತೆ ಕೊಡಲು ಅವಕಾಶವಿಟ್ಟಿದೆ. ಒಂದೇ ವ್ಯವಸ್ಥೆಯೊಳಗಿನ ಈ ಎರಡು ಕಾಲಮಾನಗಳನ್ನು ಯಾರೂ ಹೊಂದಿಸಿಲ್ಲ. ಸಾಲ ತೀರಿಸಿದವನಿಗೆ ಇದು ದೊಡ್ಡ ಅನ್ಯಾಯ.

ಈ ವಾದಕ್ಕೆ ಮಿತಿಗಳಿವೆ. ವರದಿಯ ಕಂತುವಾರು ಪಟ್ಟಿ 36 ತಿಂಗಳನ್ನಷ್ಟೇ ತೋರಿಸುತ್ತದೆ. ಈಚಿನ ನಡತೆಗೆ ಸ್ಕೋರಿನಲ್ಲಿ ತೂಕ ಹೆಚ್ಚಿರುವುದರಿಂದ ಹಳೆಯ ಸುಸ್ತಿಯ ಪೆಟ್ಟು ಕಾಲಕ್ರಮದಲ್ಲಿ ಇಳಿಯಲೂಬಹುದು. ಬೇಕೆಂದೇ ಬಾಕಿ ಉಳಿಸಿಕೊಳ್ಳುವವರಿಗೆ ನಾನು ರಿಯಾಯಿತಿ ಕೇಳುತ್ತಿಲ್ಲ. ಆದರೂ ದಾಖಲೆಯ ಹೊಡೆತ ಸಾಲಕ್ಕಷ್ಟೇ ನಿಲ್ಲುವುದಿಲ್ಲ. ನಕಾರಾತ್ಮಕ ಮಾಹಿತಿ ಒಂದು ವರ್ಷ ಹೆಚ್ಚು ಉಳಿದರೂ ಉದ್ಯೋಗ ಮತ್ತು ಸಂಪಾದನೆ ಕುಗ್ಗುತ್ತವೆ ಎಂದು ಸ್ವೀಡನ್ನಿನ ಸಾಲಗಾರರನ್ನು ಕುರಿತ ಬೋಸ್, ಬ್ರೆಜಾ, ಲಿಬರ್‌ಮನ್ ಅವರ 2018ರ ಅಧ್ಯಯನ ತೋರಿಸಿದೆ. ಬ್ಯಾಂಕ್ ನೇಮಕಾತಿಯಲ್ಲೇ ಸಾಲಚರಿತ್ರೆ ನೋಡುವ ನಮ್ಮಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು.

ಗರಿಷ್ಠ ಅವಧಿ ಮೂರು ವರ್ಷವಿರಬೇಕೋ ಐದೋ ಎಂಬುದನ್ನು ಇಲ್ಲಿ ನಿರ್ಣಯಿಸಲಾಗದು. ಬಾಕಿ ಪೂರ್ತಿ ಕಟ್ಟಿದವರನ್ನೂ ರಾಜಿ ಮಾಡಿಕೊಂಡವರನ್ನೂ ಬೇರೆಬೇರೆಯಾಗಿ ಹಲವು ವರ್ಷ ಹಿಂಬಾಲಿಸಿದ ಅಂಕಿಅಂಶ ಅದಕ್ಕೆ ಬೇಕು. ಮಾಹಿತಿ ಕಂಪನಿಗಳು ಹೆಸರು ತೆಗೆದು ಅದನ್ನು ಸಂಶೋಧಕರಿಗೆ ಒದಗಿಸಬೇಕು. ಅಲ್ಲಿಯವರೆಗೆ ಮಸ್ಟೊ ಅವರ ಫಲಿತಾಂಶವನ್ನು ಭಾರತದ ನಿಯಮಕ್ಕೆ ಸಮರ್ಥನೆಯಾಗಿ ಬಳಸುವುದು ಸರಿಯಲ್ಲ.