ಹಳೇ ಓಮ್ನಿಗೆ ಬೇರೆ ಇಂಜಿನ್ ಹಾಕಿಸುವ ಮುನ್ನ

ಬಂಟ್ವಾಳ: ಓಮ್ನಿ ತಯಾರಿ 2019ರಲ್ಲೇ ನಿಂತಿದೆ. ಅಂಗಡಿ ಸಾಮಾನು ಹೊರಲು ಅದೇ ಬೇಕು ಅನ್ನುವವರು ಈಗಲೂ ಇದ್ದಾರೆ.

ಓಮ್ನಿ, ಮಾರುತಿ 800 ಎರಡಕ್ಕೂ 796 ಸಿಸಿಯ ಮೂರು ಸಿಲಿಂಡರ್ ಇಂಜಿನ್. ಆದರೆ 800ರಲ್ಲಿ ಅದು ಅಡ್ಡ, ಓಮ್ನಿಯಲ್ಲಿ ಉದ್ದಕ್ಕೆ ಕೂತಿರುತ್ತದೆ. ತಂದು ಸೀದಾ ಕೂರಿಸಲಾಗದು.

ದೊಡ್ಡ ತೊಡಕು ಕಾಗದಪತ್ರದ್ದು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52ರಂತೆ ಆರ್‌ಟಿಒ ಒಪ್ಪಿಗೆ ಮೊದಲು. ಹಾಕಿಸಿದ 14 ದಿನದೊಳಗೆ ತಿಳಿಸಿ ಆರ್‌ಸಿ ತಿದ್ದಿಸಬೇಕು. ಗುಜರಿ ಇಂಜಿನ್‌ಗೆ ಬಿಲ್ಲು, ಹಳೇ ಗಾಡಿಯ ದಾಖಲೆ ಇಲ್ಲದೆ ದುಡ್ಡು ಕೊಡಬೇಡಿ. ಕದ್ದ ಮಾಲಾದರೆ ಸಿಕ್ಕಿಬೀಳುವುದು ಕೊಂಡವರೇ. ನಂಬರ್ ತಾಳೆಯಾಗದಿದ್ದರೆ 15 ವರ್ಷ ದಾಟಿದ ಗಾಡಿಯ ಮರುನೋಂದಣಿಗೂ ಕುತ್ತು.

ಹಿಂದಿನ ಲೀಫ್ ಸ್ಪ್ರಿಂಗ್‌ಗೆ ಭಾರಕ್ಕೆಂದು ಒಂದು ಪ್ಲೇಟ್ ಹೆಚ್ಚಿಸಿದರೆ, ಖಾಲಿ ಓಡುವಾಗ ಚಾರ್ಮಾಡಿ ತಿರುವಲ್ಲಿ ಹಿಂಬದಿ ಹಾರುತ್ತದೆ. ಮುಂದೆ ‘ಟಕ ಟಕ’ ಸದ್ದಾದರೆ ಶಾಕ್‌ಗೆ ದುಡ್ಡು ಸುರಿಯುವ ಮೊದಲು ಲೋವರ್ ಆರ್ಮ್ ಬುಶ್, ಬಾಲ್ ಜಾಯಿಂಟ್ ನೋಡಿಸಿ.